ಮನಸ್ಸಾಕ್ಷಿಯ ವಿನಾಯಿತಿ

ಮತ್ತೆ ಅದೇ ಪೆಪ್ಪರ್‌ಮಿಂಟಿನ ವಾಸನೆ, ಪ್ರಸಂಗದ ಹೊತ್ತಿಗೆ ಚೀಪಬೇಕಾದದ್ದನ್ನು ಹಿಂದಿನ ಬೆಂಚಿನಲ್ಲಿ ಯಾರೋ ಪಾದ್ರಿ ಬರುವ ಮುಂಚೆಯೇ ಬಾಯಿಗೆ ಹಾಕಿಕೊಂಡಿದ್ದಾರೆ, ನಾಚಿಕೆಗೆಟ್ಟವರು — ನಾಚಿಕೆಯ ಮಾತು ನೀನಾಡಬೇಡ ಎಂದು ಫೆನ್ನಾ ತನ್ನನ್ನೇ ಗದರಿಕೊಂಡಳು, ಗಂಡನಿಗೆ ಹೇಳದೆ ವಿಮೆ ಮಾಡಿಸಿ ಬಂದವಳು, ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು, ಮುಟ್ಟಬಾರದು, ಚರ್ಚಿನಲ್ಲಿ ಕೂತು ಯಾರಾದರೂ ಮುಟ್ಟಿಕೊಳ್ಳುತ್ತಾರೆಯೇ, ಕೈ ಮಾತ್ರ ಶಾಲಿನೊಳಗೆ ತಾನಾಗಿಯೇ ಹೋಗುತ್ತದೆ. ಈ ನೆದರ್ಲೆಂಡ್ಸ್‌ನಲ್ಲಿ ಎಲ್ಲರೂ ಆರೋಗ್ಯ ವಿಮೆ ಮಾಡಿಸಲೇಬೇಕು, ಕಾನೂನು, ಬಿಟ್ಟವರು ತಮ್ಮಂಥವರು ಮಾತ್ರ, ದೇವರು ಕಳಿಸಿದ್ದಕ್ಕೆ ಕಾಗದ ಅಡ್ಡ ಹಿಡಿಯಬಾರದೆನ್ನುವವರು, ಮನಸ್ಸಾಕ್ಷಿ ಒಪ್ಪದೆಂದು ಬರೆದುಕೊಟ್ಟು ವಿನಾಯಿತಿ ಪಡೆದವರು, ಮನೆಗೂ ಇಲ್ಲ, ದನಕ್ಕೂ ಇಲ್ಲ, ಕೊಟ್ಟಿಗೆ ಸುಟ್ಟುಹೋದಾಗ ಊರೇ ಬಂದು ಕಟ್ಟಿಕೊಟ್ಟಿತು, ಎದೆಯ ಗಂಟಿಗೂ ಊರು ಬರುತ್ತದೆ, ಕಾಣಿಕೆ ಚೀಲ ಹಿಡಿದು, ಎಲ್ಲರ ಬಾಯಲ್ಲೂ ಅವಳ ಎದೆ, ಥೂ. ಅಲ್ಲ ಕಣೇ ಅಕ್ಕ, ಮಳೆ ಬರುತ್ತೆ ಅಂತ ಛತ್ರಿ ಹಿಡ್ಕೊಂಡು ಚರ್ಚಿಗೆ ಹೋಗ್ತೀಯಲ್ಲ, ಅದೂ ದೇವರ ಮೇಲೆ ಅಪನಂಬಿಕೆ ತಾನೇ, ಎಂದು ಅವತ್ತು ನಕ್ಕಿದ್ದಳು ಝ್ವೊಲೆ ಪಟ್ಟಣದ ತಂಗಿ ಹಿಲ್ಲಿ, ಅವಳ ಕಂಪ್ಯೂಟರಿನಲ್ಲೇ ಎಲ್ಲ ಭರ್ತಿ ಮಾಡಿದ್ದು, ಹಿಲ್ಲಿಯ ವಿಳಾಸ ಕೊಡಬಹುದಿತ್ತು, ಸುಳ್ಳು ಬರೆಯಬಾರದೆಂದು ತಾನು ಸ್ವಂತ ಮನೆಯದ್ದನ್ನೇ ಕೊಟ್ಟಳಲ್ಲ, ಪೆದ್ದಿ, ಅಷ್ಟು ದೊಡ್ಡದನ್ನು ಮುಚ್ಚಿಟ್ಟವಳಿಗೆ ಇಷ್ಟು ಚಿಕ್ಕ ಸುಳ್ಳಿಗೆ ಧೈರ್ಯವಿಲ್ಲ.

ನಿನ್ನೆ ಅಂಚೆಯವನು ವಿಮೆಯ ಲಕೋಟೆ ಕೊಟ್ಟಿದ್ದು ಗಂಡ ರೂಲೊಫ್ ಕೈಗೆ, ಕಿಟಕಿಯಿಂದ ನೋಡಿದಳು, ಅಲ್ಲೇ ನಿಂತು ಒಡೆದು ಓದಿದ, ಜೇಬಿಗಿಟ್ಟ, ಒಳಗೆ ಬಂದು ಬಟಾಣಿ ಸೂಪು ಕುಡಿದ, ಉಪ್ಪು ಸರಿಯಾಗಿದೆ ಎಂದ, ಅಷ್ಟೇ, ಬೈದಿದ್ದರೆ ಎಷ್ಟೋ ವಾಸಿಯಿತ್ತು! ಹದಿನಾರು ವರ್ಷದಿಂದ ಚರ್ಚಿನ ಸಭೆಯ ಹಿರಿಯ, ಹೆಂಡತಿ ವಿಮೆ ಮಾಡಿಸಿದಳೆಂದರೆ ಯಾವ ಮುಖ ಹೊತ್ತು ಹಿರಿಯರ ಸಾಲಿನಲ್ಲಿ ಕೂರುತ್ತಾನೆ, ರದ್ದು ಮಾಡಿಸು ಎನ್ನುತ್ತಾನೆ, ಎನ್ನಲಿ, ಮಾಡಿಸಲಾರೆ, ಬದುಕಬೇಕು ನನಗೆ, ಏನಾದರಾಗಲಿ, ಬದುಕಬೇಕು — ಪಕ್ಕದ ಬಾಗಿಲು ತೆರೆಯಿತು, ಕಪ್ಪು ಕೋಟಿನ ಹಿರಿಯರು ಒಬ್ಬರ ಹಿಂದೊಬ್ಬರು, ಪಾದ್ರಿ ಪ್ರಸಂಗಪೀಠದ ಮೆಟ್ಟಿಲು ಹತ್ತುವ ಮುಂಚೆ ಅವರ ಕೈ ಕುಲುಕುವ ಸರದಿ ಇವತ್ತು ರೂಲೊಫ್‌ನದು, ಕುಲುಕಿದ್ದು ಮುದುಕ ಹಾರ್ಮ್, ರೂಲೊಫ್ ಎಲ್ಲಿ, ಎಲ್ಲರ ಕುತ್ತಿಗೆಯೂ ತಿರುಗುತ್ತಿದೆ, ನಡುದಾರಿಯಲ್ಲಿ ಬೂಟಿನ ಸದ್ದು, ಅವಳ ಬೆಂಚಿನ ಬಳಿಯೇ ನಿಂತಿತು. ಸ್ವಲ್ಪ ಸರ್ಕೋ. ನಿಮ್ ಜಾಗ ಅಲ್ಲಿ, ಎಂದಳು. ಹಿರಿತನಾನೇ ಬಿಟ್ಕೊಟ್ಟು ಬಂದೆ ಕಣೇ, ಸರ್ಕೋ. ಕೂತ, ಅವನ ಕೀರ್ತನೆಗಳ ಪುಸ್ತಕ ಹಿರಿಯರ ಬೆಂಚಿನಲ್ಲೇ ಉಳಿದಿದೆ, ಆರ್ಗನ್ ಶುರುವಾಯಿತು, ತನ್ನದನ್ನೇ ತೆರೆದು ಇಬ್ಬರ ನಡುವೆ ಹಿಡಿದಳು, ಪುಟದ ಆ ತುದಿಗೆ ಅವನ ಹೆಬ್ಬೆರಳು ಬಂತು, ಹಾಡಿನ ಮುಂದಿನ ಸಾಲು ಯಾವುದು, ಕಾಣುತ್ತಿಲ್ಲ, ಹೆಬ್ಬೆರಳು, ಒಡೆದ ಉಗುರಿನ ಆ ದಪ್ಪ ಹೆಬ್ಬೆರಳು.