ಯರಗುಪ್ಪಿಯ ಸಾವಕ್ಕ ಕರೆತಂದವರು

ಯುಗಾದಿ ದಾಟಿ ಹೊಲದ ಕೆಲಸ ನಿಂತಿತೆಂದರೆ ಕುಂದಗೋಳದಲ್ಲಿ ಡಾಕ್ಟರ್ ನಂದಾಳ ಆಸ್ಪತ್ರೆಗೆ ಸುಗ್ಗಿ. ಕಡಲೆ ಕಿತ್ತು, ಜೋಳದ ರಾಶಿ ಮುಗಿಸಿದ ಹೆಂಗಸರು ಮುಂಗಾರಿ ಬಿತ್ತನೆಗೆ ಮುಂಚೆ ಸಿಗುವ ಆ ಎರಡು ತಿಂಗಳಲ್ಲಿ ಗರ್ಭಕೋಶ ತೆಗೆಸಿಕೊಳ್ಳಲು ಬರುತ್ತಿದ್ದರು. ಒಬ್ಬೊಬ್ಬರಾಗಿ ಅಲ್ಲ. ಕಳೆ ತೆಗೆಯಲು ಹೇಗೆ ಗುಂಪು ಕಟ್ಟಿಕೊಂಡು ಹೋಗುತ್ತಾರೋ ಇದಕ್ಕೂ ಹಾಗೆಯೇ ಗುಂಪು. ಎತ್ತಿಗೆ ಲಾಳ ಹೊಡೆಸಿದ ಹಾಗೆ ಬಿಡುವಿದ್ದಾಗ ಮುಗಿಸಿಬಿಡಬೇಕು. ಮಳೆಗಾಲದಲ್ಲಿ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕುಳಿತವಳನ್ನು ಮರುದಿನ ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಯರಗುಪ್ಪಿಯ ಗುಂಪಿಗೆ ಸಾವಕ್ಕ ಮುಂದಾಳು. ಹತ್ತೊಂಬತ್ತು ವರ್ಷದ ಹಿಂದೆ, ಇಪ್ಪತ್ತಾರರ ಪ್ರಾಯದಲ್ಲಿ, ಇದೇ ಆಸ್ಪತ್ರೆಯಲ್ಲಿ ಅವಳ ಆಪರೇಷನ್ ಆಗಿತ್ತು. ಆಮೇಲೆ ಪ್ರತಿ ಬೇಸಿಗೆಗೂ ಓಣಿಯ ಒಬ್ಬರನ್ನೋ ಇಬ್ಬರನ್ನೋ ಅವಳೇ ಕರೆತಂದಳು. "ನಮ್ಮ ಡಾಕ್ಟರ್ ಬಾಯಾರ ಕೈಗುಣ ಅಂದ್ರ ಅಗದಿ ಹೂವಿನಂಗ" ಎಂದು ಅವಳು ಹೇಳಿದ ಮೇಲೆ ಊರಲ್ಲಿ ಇನ್ನೊಂದು ಮಾತಿರಲಿಲ್ಲ.

ಮೂವತ್ತೆರಡು ವರ್ಷ ನಂದಾ ಆ ಸುತ್ತಿನ ಹೆಂಗಸರ ಹೆರಿಗೆ, ಮುಟ್ಟು, ಬಂಜೆತನ, ಎಲ್ಲವನ್ನೂ ನೋಡಿದವಳು. ರಾತ್ರಿ ಹಗಲು ಎನ್ನದೆ ದುಡಿದಿದ್ದಳು, ಸುಳ್ಳಲ್ಲ. ಆದರೆ ನಾಲ್ಕು ವರ್ಷದಿಂದ ಗರ್ಭಕೋಶದ ಆಪರೇಷನ್ ಎಂದರೆ ಹಿಂದೇಟು ಹಾಕುತ್ತಿದ್ದಳು. ನಲವತ್ತು ತುಂಬದ ಹೆಂಗಸರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು, ಮೈಯೆಲ್ಲ ಬೆಂಕಿ ಎನ್ನುತ್ತ ಬಂದು ಮಲಗುತ್ತಿದ್ದರು. ಹೊಟ್ಟೆಯ ಮೇಲಿನ ಹಳೆಯ ಗಾಯ ನೋಡಿದರೆ ಅದು ತನ್ನದೇ ಹೊಲಿಗೆ. ಅದನ್ನು ಗುರುತಿಸದಿರುವಷ್ಟು ದಡ್ಡಿ ಅಲ್ಲ ನಂದಾ. ಆದರೂ ಬಾಯಿ ಬಿಡಲಿಲ್ಲ. ಮಷಿನ್ ಕೆಟ್ಟಿದೆ, ಅರಿವಳಿಕೆ ಕೊಡುವವರು ಬಂದಿಲ್ಲ ಎಂದು ಏನೋ ಒಂದು ಹೇಳಿ ಬಂದವರನ್ನು ಸಾಗಹಾಕುತ್ತಿದ್ದಳು. ಹೇಡಿತನಕ್ಕೆ ಇನ್ನೊಂದು ಹೆಸರು ಹುಡುಕುವುದು ಬೇಡ.

ಈ ಸಲ ಸಾವಕ್ಕ ಐದು ಜನರನ್ನು ತಂದಿದ್ದಳು. ನಾಲ್ವರನ್ನು ನಂದಾ ಆಗಲೇ ಪರೀಕ್ಷೆ ಮಾಡಿ ಪಡಸಾಲೆಯಲ್ಲಿ ಕೂರಿಸಿದ್ದಳು. ಅವರಿಗೆ ಧೈರ್ಯ ಹೇಳಲು, ಹಿಂದೆ ಆಪರೇಷನ್ ಆಗಿದ್ದ ಕೆಂಚವ್ವ ಜೊತೆಗಿದ್ದಳು. ಐದನೆಯವಳನ್ನು ಸಾವಕ್ಕ ಒಳಗೆ ಕರೆದುಕೊಂಡು ಬಂದಳು.

"ಈಕಿ ನನ್ನ ಮಗಳ್ರಿ ಬಾಯಾರ, ಅರುಣಾ. ಎರಡ ಮಕ್ಕಳಾಗ್ಯಾವ. ಬಿಳಿ ಹೋಗತೈತಿ, ಸೊಂಟ ನೋಯ್ತೈತಿ. ನನಗ ಮಾಡಿದಂಗ ಈಕಿಗೂ ಮಾಡಿ ಕಳಸ್ರಿ. ಬಿತ್ತಿಗಿ ಅನ್ನೂದ್ರಾಗ ಏಳಬೇಕು."

ಅರುಣಾಗೆ ಇಪ್ಪತ್ತೈದು. ನಂದಾ ಪರೀಕ್ಷೆ ಮಾಡಿ ನೋಡಿದಳು. ಹೊರಗಿನ ನಾಲ್ವರ ಹಾಗೆ ಇವಳಿಗೂ ಬರೀ ಸೋಂಕು. ಗಂಡ ಹೆಂಡತಿ ಇಬ್ಬರೂ ಹದಿನಾಲ್ಕು ದಿನ ಗುಳಿಗೆ ನುಂಗಿದರೆ ಮುಗಿಯಿತು.

"ಅರಿವಳಿಕೆ ಡಾಕ್ಟರ್ ಊರಾಗಿಲ್ಲ ಸಾವಕ್ಕ. ಸದ್ಯಕ್ಕ ಗುಳಿಗಿ ಬರಕೊಡ್ತೀನಿ."

"ಹೋದ ವರ್ಷನೂ ಇದನ್ನ ಹೇಳಿದ್ರಿ. ಮೂರ ಮಂದಿ ಹುಬ್ಬಳ್ಳ್ಯಾಗ ಮಾಡಿಸ್ಕೊಂಡ ಬಂದ್ರು. ಹಾರೂನನ ಟಂಟಂ ಗಾಡಿ ಹೊರಗ ನಿಂತೈತಿ, ನಾವೂ ಹಂಗ ಹೋಗೂಣು ಬಿಡ್ರಿ."

ನಂದಾಳ ಪೆನ್ನು ನಿಂತಿತು. ಆ ಮೂವರ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ತಾನು ಕತ್ತರಿ ಹಿಡಿಯಲಿಲ್ಲ, ಹಾಗಾಗಿ ಕೈ ತೊಳೆದುಕೊಂಡಂತಾಯಿತು ಎಂದುಕೊಂಡಿದ್ದಳು. ಈಗ ಸುಮ್ಮನಿದ್ದರೆ ಸಂಜೆಯೊಳಗೆ ಈ ಹುಡುಗಿ ಬೇರೆಯವರ ಟೇಬಲ್ ಮೇಲೆ ಮಲಗಿರುತ್ತಾಳೆ.

"ಹುಬ್ಬಳ್ಳಿಗೆ ಹೋಗಬ್ಯಾಡ್ರಿ. ಆಪರೇಷನ್ ಬೇಕಾಗೇ ಇಲ್ಲ. ಗುಳಿಗಿಲೇ ಹೋಗತೈತಿ ಇದು. ಗಂಡನೂ ನುಂಗಬೇಕು."

"ಅಂವಾ ನುಂಗತಾನೇನ್ರಿ" ಎಂದಳು ಅರುಣಾ. "ಅಂವಗ ತಲಿನೋವ ಬಂದ್ರೂ ಗುಳಿಗಿ ನನಗ ನುಂಗ ಅಂತಾನ."

ಸಾವಕ್ಕ ನಗಲಿಲ್ಲ. ಮಗಳನ್ನೂ ನೋಡಲಿಲ್ಲ.

"ನನಗೂ ಇದ ಆಗಿತ್ತಲ್ರಿ. ಬಿಳಿನ ಹೋಗತಿತ್ತು. ಸೊಂಟನ ನೋಯತಿತ್ತು. ನೀವು ನಮ್ಮ ಮನಿಯವರನ್ನ ಒಳಗ ಕರದು, ಬಿಟ್ರ ಕ್ಯಾನ್ಸರ್ ಆಗತೈತಿ ಅಂದ್ರಿ. ನಂದೂ ಗುಳಿಗಿಲೇ ಹೋಗತಿತ್ತೇನ್ರಿ?"

ಆಗ ಇಷ್ಟು ಪರೀಕ್ಷೆಗಳಿರಲಿಲ್ಲ, ಕಾಲ ಬೇರೆ ಇತ್ತು ಎಂಬ ಉತ್ತರ ನಂದಾಳ ನಾಲಿಗೆ ತುದಿಯಲ್ಲೇ ಇತ್ತು. ನಾಲ್ಕು ವರ್ಷದಿಂದ ತನಗೆ ತಾನೇ ಹೇಳಿಕೊಂಡು ನುಣ್ಣಗೆ ಮಾಡಿಟ್ಟಿದ್ದ ಮಾತು. ಆದರೆ ಇದೇ ಗುಳಿಗೆ ಆಗಲೂ ಇದೇ ಕಪಾಟಿನಲ್ಲಿತ್ತು. ಗುಳಿಗೆ ಕೊಟ್ಟರೆ ಹದಿನೈದು ದಿನಕ್ಕೆ ಮತ್ತೆ ಕರೆಸಬೇಕು, ಗಂಡನಿಗೆ ತಿಳಿಹೇಳಬೇಕು, ಅವನ ಸಿಟ್ಟು ಸಹಿಸಬೇಕು. ಕ್ಯಾನ್ಸರ್ ಎಂದರೆ ಒಂದೇ ಮಾತಿಗೆ ಸಹಿ ಬೀಳುತ್ತಿತ್ತು. ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿರುತ್ತಿದ್ದರು.

"ಹೌದು" ಎಂದಳು.

ಸಾವಕ್ಕ ಹಿಂದೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ತನ್ನ ಬಲ ಮಣಿಕಟ್ಟನ್ನು ಮೇಜಿನ ಮೇಲಿಟ್ಟಳು. "ಇದು?"

"ಅದೂ ಅದರಿಂದನ. ಗರ್ಭಕೋಶದ ಜೋಡಿ ಅಂಡಾಶಯನೂ ತಗದಿದ್ದೆ. ಅದು ಹೋದರ ಎಲುಬು ಲಗೂನ ಸವೀತಾವ."

"ಯಾಕ ತಗದ್ರಿ?"

ರೂಢಿ ಹಾಗೆ ಬಿದ್ದಿತ್ತು, ಅಷ್ಟೇ. ಅದನ್ನು ಹೇಳಲು ನಂದಾಗೆ ಮುಖವಿರಲಿಲ್ಲ.

"ನಾ ಎಷ್ಟ ಮಂದೀನ್ನ ಕರಕೊಂಡ ಬಂದೀನಿ, ಗೊತ್ತೈತೇನ್ರಿ ನಿಮಗ?"

"ಇಲ್ಲ."

"ಮೂವತ್ತೊಂದು. ಕೈ ಹಿಡದ ತಂದೀನಿ. ಅಂಜಿ ಅತ್ತವರಿಗೆ ನಾನ ಬೈದೀನಿ." ಅವಳ ದನಿ ಏರಲಿಲ್ಲ. ಅತ್ತಿದ್ದರೆ, ಬೈದಿದ್ದರೆ ನಂದಾಗೆ ಹಗುರಾಗುತ್ತಿತ್ತು. "ಏಳ್ರಿ. ಹೊರಗ ಕುಂತವರಿಗೆ ಹೇಳ್ರಿ."

ಪಡಸಾಲೆಗೆ ಬಂದು ನಂದಾ, "ಇವತ್ತ ಆಪರೇಷನ್ ಇಲ್ರಿ, ಎಲ್ಲಾರೂ ಗುಳಿಗಿ ತಗೊಂಡ ಹೋಗ್ರಿ" ಎಂದಳು.

"ಹಂಗಲ್ಲ" ಎಂದಳು ಸಾವಕ್ಕ. "ನನಗ ಹೇಳಿದ್ದು ಹೇಳ್ರಿ."

ಹೇಳಿದಳು. ಸಾವಕ್ಕನಿಗೆ ಆಪರೇಷನ್ ಬೇಕಿರಲಿಲ್ಲ, ಕ್ಯಾನ್ಸರ್ ಎಂದು ಹೆದರಿಸಿದ್ದು ತಪ್ಪು, ಮಾಡಿದವಳು ತಾನು ಎಂದು ಹೇಳಿದಳು. ಮೂವತ್ತೆರಡು ವರ್ಷ ಎಂಥೆಂಥ ಗಂಡಸರನ್ನು ಗದರಿಸಿದ ಬಾಯಿ ಅದು, ಈಗ ನಾಲ್ಕು ಮಾತಿಗೆ ಒಣಗಿತು.

ಕೆಂಚವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಹಂಗಾರ ನಂದ್ರಿ?"

ನಂದಾ ಅವಳ ಮುಖ ನೋಡಿದಳು. ಎಷ್ಟು ನೋಡಿದರೂ ನೆನಪಾಗಲಿಲ್ಲ.

"ಯಾವ ವರ್ಷ ಆಗಿದ್ದು?"

"ಹನ್ನೊಂದ ವರ್ಷ ಆತ್ರಿ. ಮಾರಿ ನೆನಪಾಗವಲ್ದೇನು? ಆಗೂದಿಲ್ಲ ಬಿಡ್ರಿ. ಆವತ್ತ ನೀವು ಮಾತಾಡಿದ್ದು ನಮ್ಮ ಅತ್ತಿ ಜೋಡಿ. ನನ್ನ ಒಂದ ಮಾತ ಕೇಳಲಿಲ್ಲ."

ಅದು ನಿಜ. ಜೊತೆಗೆ ಬಂದವರು ಯಾರು ಎಂದು ಕೇಳಿ, ಅವರನ್ನು ಎದುರಿಗೆ ಕೂರಿಸಿ, ಎಲ್ಲವನ್ನೂ ಅವರಿಗೇ ಹೇಳುವುದು ನಂದಾಳ ಪದ್ಧತಿ. ಗಂಡ, ಅತ್ತೆ, ಇಲ್ಲವೇ ಸಾವಕ್ಕ. ಹೊಟ್ಟೆ ಯಾರದೋ ಅವಳು ಬಾಗಿಲ ಬಳಿ ನಿಂತಿರುತ್ತಿದ್ದಳು.

"ಕಾಗದ ತಗಸಿ ನೋಡಿ ಹೇಳ್ತೀನಿ ಕೆಂಚವ್ವ. ಎಲ್ಲಾರದೂ ನೋಡ್ತೀನಿ" ಎಂದ ನಂದಾ, ಸಾವಕ್ಕನ ಕಡೆ ತಿರುಗಿ, "ಮಂಗಳವಾರ ನಿಮ್ಮ ಊರಿಗೆ ಬರ್ತೀನಿ. ಅಷ್ಟೂ ಮಂದೀನ್ನ ಕೂಡಸು. ನಾನ ಹೇಳ್ತೀನಿ" ಎಂದಳು.

"ಮಂಗಳವಾರತನಾ ನಿಮಗ ಬ್ಯಾರೆ ಮಾತ ಸಿಗತಾವ" ಎಂದಳು ಸಾವಕ್ಕ. "ಈಗ ಹತ್ರಿ ಗಾಡಿ."

ನಂದಾ ನರ್ಸಿಗೆ ಹೇಳಿ ಐವರಿಗೂ ಗುಳಿಗೆ ಕೊಡಿಸಿದಳು, ಮೇಜಿನ ಮೇಲಿನ ಕನ್ನಡಕ ತೆಗೆದುಕೊಂಡು ಹೊರಗೆ ಬಂದಳು. ಹಾರೂನ್ ಗಡಿಬಿಡಿಯಿಂದ ತನ್ನ ಪಕ್ಕದ ಸೀಟು ಒರೆಸಿದ.

"ಡಾಕ್ಟರ್ ಬಾಯಾರ, ಮುಂದ ಕುಂದರ್ರಿ."

"ಮುಂದ ಯಾಕ?" ಎಂದಳು ಸಾವಕ್ಕ. "ಹಿಂದ ನಮ್ಮ ಜೋಡಿ ಕುಂದರತಾರ."

ಹೆಂಗಸರು ಒಬ್ಬರಿಗೊಬ್ಬರು ಒತ್ತಿ ಸ್ವಲ್ಪ ಜಾಗ ಮಾಡಿದರು. ಟಂಟಂನ ಹಿಂದಿನ ಸೀಟುಗಳು ಎದುರುಬದುರು. ಕೆಂಚವ್ವನ ಮೊಳಕಾಲು ನಂದಾಳ ಮೊಳಕಾಲಿಗೆ ತಾಗುತ್ತಿತ್ತು. ಗಾಡಿ ಹೊರಟಿತು. ಯರಗುಪ್ಪಿ ಬರುವವರೆಗೂ ತಲೆ ಎತ್ತಿದರೆ ಅವರ ಮುಖಗಳೇ ಕಾಣುತ್ತಿದ್ದವು.