ಮೂಳೆ ಇಲ್ಲದ ಕಪ್ಪೆ

ಮಕ್ಕಳ ಪುಸ್ತಕ ಮಾಡುವ ಆ ಪುಟ್ಟ ತಂಡದಲ್ಲಿ ಸಂಪಾದಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕೆರೆಯ ಜೀವಿಗಳ ಬಗ್ಗೆ ಬರೆಯುತ್ತಿದ್ದವರು ನಿವೃತ್ತ ಮೇಷ್ಟ್ರು, ಅದಕ್ಕೆ ಚಿತ್ರ ಬರೆಯುತ್ತಿದ್ದವಳು ಬೇರೆ ಊರಿನ ಹುಡುಗಿ. ಇಬ್ಬರೂ ತಂತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಏನಿದ್ದರೂ ಅಕ್ಕನಿಗೆ ಕಳಿಸಬೇಕು, ಅಕ್ಕ ಅದನ್ನು ಆ ಕಡೆಗೆ ದಾಟಿಸಬೇಕು. ಇದು ಅವಳೇ ಮಾಡಿದ ಏರ್ಪಾಡು.

ದಾಟಿಸುವಾಗ ಅವಳು ಇದ್ದದ್ದನ್ನು ಇದ್ದ ಹಾಗೆ ದಾಟಿಸುತ್ತಿರಲಿಲ್ಲ. ಮೇಷ್ಟ್ರದು ಕಡ್ಡಿ ತುಂಡು ಮಾಡಿದಂಥ ಮಾತು. ಹುಡುಗಿಗೋ ಮೂಗಿನ ತುದಿಯಲ್ಲೇ ಕೋಪ. ದೂರ ದೂರ ಇರುವವರು ಮುನಿಸಿಕೊಂಡರೆ ಕೂರಿಸಿ ಸಮಾಧಾನ ಮಾಡಲಾದೀತೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಪ್ರತಿ ಮಾತಿಗೂ ಒಂದಿಷ್ಟು ಸಕ್ಕರೆ ಬೆರೆಸಿ ಕಳಿಸುತ್ತಿದ್ದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯವರು ಮಾಡುವಷ್ಟು ಅನಾಹುತ ಕೆಟ್ಟವರ ಕೈಲಾಗುವುದಿಲ್ಲ, ಆ ಮಾತು ಬೇರೆ.

ಒಂದು ಬೆಳಿಗ್ಗೆ ಹುಡುಗಿ ಫೋನ್ ಮಾಡಿದಳು. ದನಿಯಲ್ಲಿ ಕೋಪವೇ ಇರಲಿಲ್ಲ. ಅಕ್ಕನಿಗೆ ಹೆದರಿಕೆಯಾದದ್ದು ಅದಕ್ಕೆ.

“ನಾನು ಬಿಡ್ತೀನಿ ಅಕ್ಕ. ಕಪ್ಪೆ ಚೆನ್ನಾಗಿದೆ ಅಂತೀರಿ, ಮತ್ತೆ ಬರಿ ಅಂತೀರಿ. ನನಗೆ ಕೈನೇ ಹೋಗಿದೆ ಅನ್ಸುತ್ತೆ. ಈ ಪುಸ್ತಕ ಅಂತಲ್ಲ, ಇನ್ನು ಚಿತ್ರ ಬರೆಯೋದೇ ಬೇಡ.”

ಅಕ್ಕ ಫೋನ್ ಕೆಳಗಿಟ್ಟಳು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

“ಆ ಮೇಷ್ಟ್ರ ಹತ್ರ ಅವಳೇ ಮಾತಾಡಬಾರದಾ?”

“ಜಗಳ ಆಗುತ್ತೆ ಅತ್ತೆ.”

“ಆಗ್ಲಿ ಬಿಡು. ನಾವಿಬ್ರೂ ಆಡಿರೋ ಜಗಳಕ್ಕೆ ಈ ಮನೆ ಗೋಡೆ ಬಿರುಕು ಬಿಡಬೇಕಿತ್ತು. ಈಗ ನೋಡು, ನಿನ್ನ ಬಟ್ಟೆ ನಾನು ಮಡಿಸ್ತಿದೀನಿ.”

ಮಧ್ಯಾಹ್ನ ಅಕ್ಕ ಇಬ್ಬರನ್ನೂ ಒಂದೇ ವಿಡಿಯೋ ಕರೆಗೆ ಸೇರಿಸಿದಳು. ಹುಡುಗಿಯ ಕಣ್ಣು ಊದಿತ್ತು. ಮೇಷ್ಟ್ರು ಬರೀ ಹಣೆ ತೋರಿಸುತ್ತ ಕೂತಿದ್ದರು. ಅಕ್ಕ ಕಪ್ಪೆಯ ಚಿತ್ರವನ್ನು ಪರದೆಗೆ ತಂದು, “ಮೇಷ್ಟ್ರೇ, ನೀವೇ ಹೇಳಿ” ಎಂದಳು.

“ಈ ಕಪ್ಪೆಗೆ ಮೂಳೆನೇ ಇಲ್ಲಮ್ಮ. ಇದು ಕೂತಿರೋ ಕಪ್ಪೆ ಅಲ್ಲ, ಯಾರೋ ತಂದು ಇಟ್ಟಿರೋ ಕಪ್ಪೆ. ನೆಗೆಯೋ ಮುಂಚೆ ಹಿಂಗಾಲು ಬಿಗಿಯಾಗಿರುತ್ತೆ.”

ಅಕ್ಕ ಕಣ್ಣು ಮುಚ್ಚಿಕೊಂಡಳು.

“ಇದನ್ನ ಮೊದಲೇ ಹೇಳಬಾರದಿತ್ತಾ?” ಎಂದಳು ಹುಡುಗಿ.

“ಮೊದಲನೇ ದಿನವೇ ಹೇಳಿದ್ನಲ್ಲ.”

“ನನಗೆ ಬಂದಿದ್ದು, ಮೇಷ್ಟ್ರಿಗೆ ತುಂಬ ಹಿಡಿಸಿದೆ, ಇನ್ನೊಂದು ಸಲ ನೋಡಿದ್ರೆ ಚಿನ್ನ ಅಂತ.”

“ಚಿನ್ನ? ನನ್ನ ಹೆಂಡತಿಗೇ ಆ ಮಾತು ಅಂದವನಲ್ಲ ನಾನು. ಹೋಗ್ಲಿ, ನನ್ನ ಬರಹಕ್ಕೆ ನೀನೇನಂದಿದ್ದೆ?”

“ಕೆರೆ ತುಂಬ ನಿಮ್ಮ ಮಾತೇ ಇದೆ, ಕಪ್ಪೆಗೆ ಕಾಲೂರೋಕೂ ಜಾಗ ಇಲ್ಲ ಅಂತ.”

“ಮಾಹಿತಿ ಸಮೃದ್ಧವಾಗಿದೆ ಅಂತ ಬಂತು. ಖುಷಿಯಾಗಿ ಇನ್ನೊಂದು ಪುಟ ಸೇರಿಸಿದೆ.”

ಆಮೇಲೆ ಇಬ್ಬರೂ ಅಕ್ಕನನ್ನೇ ನೋಡಿದರು.

“ತಪ್ಪಾಯ್ತು,” ಎಂದಳು ಅಕ್ಕ. “ನೀವು ಬಿಟ್ಟು ಹೋಗ್ತೀರೇನೋ ಅಂತ ಭಯ ಇತ್ತು.”

ಮೇಷ್ಟ್ರು ಮಂಡಿನೋವನ್ನೂ ಮರೆತು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹಿಂಗಾಲಿನ ಬಿಗಿ ತೋರಿಸಿದರು. ಹುಡುಗಿ ನಗುತ್ತಲೇ ಗೆರೆ ಎಳೆದಳು. ಅಷ್ಟೇ ನಗುತ್ತ, ಯಾವ ಸಾಲು ಕಿತ್ತು ಹಾಕಬೇಕೆಂದೂ ಹೇಳಿದಳು. ಮೇಷ್ಟ್ರು ಗೊಣಗಿಕೊಂಡೇ ಹೊಡೆದುಹಾಕಿದರು. ಕರೆ ಮುಗಿಯುವ ತನಕ ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಅವಳಿಗೆ ಎದೆಯ ಭಾರ ಇಳಿಯಿತು, ಜೊತೆಗೆ ಸಣ್ಣಗೆ ಹೊಟ್ಟೆ ಉರಿಯಿತು.

ಸಂಜೆ ಹೊಸ ಕಪ್ಪೆ ಮೇಷ್ಟ್ರಿಗೂ ಅಕ್ಕನಿಗೂ ಒಟ್ಟಿಗೇ ಬಂತು. ಬೆನ್ನಿಗೇ ಹುಡುಗಿಯ ಫೋನ್.

“ಮೇಷ್ಟ್ರು ಸರಿ ಅಂದ್ರು. ನಿಮಗೇನನ್ಸುತ್ತೆ ಅಕ್ಕ?”

ಇಷ್ಟು ದಿನ ಅವಳು ಅವರಿವರ ಮಾತು ಹೊತ್ತಳೇ ಹೊರತು ಚಿತ್ರವನ್ನು ತಾನಾಗಿ ನೋಡಿರಲಿಲ್ಲ. ಈಗ ನೋಡಿದಳು. ‘ಚೆನ್ನಾಗಿದೆ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

“ಕಪ್ಪೆಗೆ ಜೀವ ಬಂದಿದೆ. ನೀರಿಗೆ ಬಂದಿಲ್ಲ.”

ಹೇಳಿದವಳೇ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಫೋನ್ ಇಡಬೇಡಿ, ತಡೀರಿ,” ಎಂದಳು ಹುಡುಗಿ. ಆಮೇಲೆ ಕಾಗದದ ಮೇಲೆ ಪೆನ್ಸಿಲ್ ಓಡುವುದು ಕೇಳಿಸಿತು.