ಆರನೇ ರೀಲಿನ ದೆವ್ವ

"ನನ್ನ ದೆವ್ವ ಬರೋದು ಆರನೇ ರೀಲಲ್ಲಿ," ಎಂದರು ಮುದುಕರು, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ. "ಅಲ್ಲೀವರೆಗೆ ಬೇಕಾದ್ರೆ ಒಂದು ನಿದ್ದೆ ತೆಗೀರಿ. ಆಮೇಲೆ ಮೂರು ದಿನ ನಿದ್ದೆ ಬಂದ್ರೆ ನನ್ನ ಕೇಳಿ!"

ಪೊರಕೆ ನಕ್ಕಳು. ಹಳೆಯ ಚಲನಚಿತ್ರಗಳನ್ನು ಕಾಪಾಡುವ ಆ ಕಚೇರಿಯಲ್ಲಿ ಅವಳಿಗೆ ಆ ಅಡ್ಡಹೆಸರು ಬಿದ್ದು ವರ್ಷವಾಗಿತ್ತು. ಕಂಪ್ಯೂಟರಿನ ಮುಂದೆ ಕೂತು ಚಿತ್ರದ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ, ಧೂಳು, ಕಲೆ, ಗೀರುಗಳನ್ನು ಗುಡಿಸಿ ಹಾಕುವುದು ಅವಳ ಕೆಲಸ. ಗುಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಆ ಜಂಬವೂ ಅವಳಿಗೆ ಇಲ್ಲದಿರಲಿಲ್ಲ. ಇವತ್ತು ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ಕುರ್ಚಿಗಳ ಈ ಪುಟ್ಟ ಕೋಣೆಯಲ್ಲಿ ಅವಳು ತೊಳೆದು ಲಕಲಕ ಮಾಡಿದ ದೆವ್ವದ ಚಿತ್ರದ ಮೊದಲ ಪ್ರದರ್ಶನ. ಅದನ್ನು ಮಾಡಿದವರಲ್ಲಿ ಬದುಕಿದ್ದವರು ಈ ಮುದುಕರೊಬ್ಬರೇ. ಆ ಕಾಲದಲ್ಲಿ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು.

"ದೆವ್ವದ ವೇಷ ಯಾರು ಹಾಕಿದ್ರು ತಾತ?"

"ವೇಷ ಎಲ್ಲಿಂದ ಬಂತಮ್ಮ! ವೇಷ ಹಾಕಿದ್ರೆ ಜನ ಬಿದ್ದು ಬಿದ್ದು ನಗ್ತಿದ್ರು. ಸೂಜಿ ತಗೊಂಡು ಫಿಲ್ಮ್ ಮೇಲೇ ಗೀಚಿದೆ. ಎರಡು ಸಾವಿರದ ನೂರ ಅರವತ್ತು ಚೌಕ, ಮೂರು ತಿಂಗಳು. ಒಂದೊಂದೇ ನೋಡಿದ್ರೆ ಬರೀ ಗೀರು, ಏನೂ ಇಲ್ಲ. ಓಡಿಸಿದ್ರೆ ನೋಡು, ಕೂದಲು ಬಿಚ್ಕೊಂಡು ನಡ್ಕೊಂಡು ಬರ್ತಾಳೆ ಮಹಾತಾಯಿ!"

ಪೊರಕೆಯ ನಗು ಅಲ್ಲಿಗೇ ನಿಂತಿತು. ಆರನೇ ರೀಲಿನಲ್ಲಿ ಒಂದೂವರೆ ನಿಮಿಷದಷ್ಟು, ಎಂದರೆ ಸರಿಯಾಗಿ ಅಷ್ಟೇ ಚೌಕಗಳ ಜಾಗ ಬೆಕ್ಕು ಪರಚಿದ ಹಾಗೆ ಗೀರು ತುಂಬಿಕೊಂಡಿತ್ತು. ಹನ್ನೊಂದು ದಿನ ಕತ್ತೆಯಂತೆ ದುಡಿದು ಅವಳು ಒಂದೂ ಬಿಡದೆ ಅಳಿಸಿದ್ದಳು. ಆಮೇಲೆ ಓಡಿಸಿ ನೋಡಿದಾಗ, ಖಾಲಿ ಪಡಸಾಲೆಯಲ್ಲಿ ನಾಯಕಿ ಯಾರನ್ನೋ ನೋಡಿದಂತೆ ಕಿರುಚುತ್ತಿದ್ದಳು. ಹಳೇ ಚಿತ್ರಗಳೇ ಹೀಗೆ ಎಂದುಕೊಂಡು ಸುಮ್ಮನಾಗಿದ್ದಳು. ಕಚೇರಿಯ ಸಾಹೇಬರ ಒಪ್ಪಿಗೆಯಾದ ಕೂಡಲೇ ಕಂಪ್ಯೂಟರಿನಲ್ಲಿದ್ದ ತೊಳೆಯದ ಪ್ರತಿಯನ್ನು ಅಳಿಸಿ ಜಾಗ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಹಾಗೆಯೇ ಅಳಿಸಿದ್ದಳು. ಮೂಲ ಫಿಲ್ಮಂತೂ ಕೊಳೆತು ಅಂಟಾಗಿತ್ತು. ಎಸೆಯಬಹುದೆಂದು ಸಹಿ ಮಾಡಿದವಳೂ ಅವಳೇ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಗಿತ್ತು, ಅದೂ ಬೇರೆಯವರ ಮೂಗು.

ನೀರು ತರುತ್ತೇನೆಂದು ನೆಪ ಹೇಳಿ ಹೊರಗೆ ಬಂದರೆ, ಮುದುಕರ ಮಗಳು ಹಿಂದೆಯೇ ಬಂದರು.

"ಅಪ್ಪ ಏನೇನೋ ಹೇಳಿರ್ತಾರೆ, ಬೇಜಾರು ಮಾಡ್ಕೋಬೇಡಿ," ಎಂದರು. "ಮರೆವು ಜಾಸ್ತಿಯಾಗಿದೆ. ಒಲೆ ಆರಿಸೋದು ಮರೀತಾರೆ, ಅಮ್ಮ ಹೋಗಿದ್ದೇ ಒಂದೊಂದ್ಸಲ ನೆನಪಿರಲ್ಲ. ಈ ದೆವ್ವದ ಕಥೆ ಮಾತ್ರ ಒಂದಕ್ಷರ ಆಚೀಚೆ ಆಗಲ್ಲ. ಪಿಕ್ಚರನ್ನ ನಮ್ಮಲ್ಲಿ ಯಾರೂ ನೋಡಿಲ್ಲ, ಅದ್ರಲ್ಲಿ ಅಪ್ಪನ ಹೆಸರೂ ಹಾಕಿಲ್ವಂತೆ. ಹೇಗೆ ನಂಬೋದು ಹೇಳಿ? ಸೋಮವಾರ ಆಸ್ಪತ್ರೆಗೆ ಸೇರಿಸಿ, ಇನ್ನು ಅಲ್ಲೇ ಇರಲಿ ಅಂದಿದಾರೆ ಡಾಕ್ಟ್ರು."

"ತಾತ ಒಪ್ಪಿದ್ರಾ?"

"ಪಂದ್ಯ ಕಟ್ಟಿದಾರೆ ನನ್ನ ಜೊತೆ. ಪಿಕ್ಚರಲ್ಲಿ ದೆವ್ವ ಇಲ್ದಿದ್ರೆ ನಾನೇ ಬ್ಯಾಗ್ ಹಿಡ್ಕೊಂಡು ಹೊರಡ್ತೀನಿ, ಇದ್ರೆ ನನ್ನನ್ನ ಮನೇಲೇ ಬಿಡು ಅಂತ. ನಾನೂ ಹ್ಞೂಂ ಅಂದೆ." ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಇರಲಿ ಅಂತಾನೇ ನನಗೂ ಆಸೆ ಕಣ್ರೀ."

ಪೊರಕೆ ಅಲ್ಲಿ ನಿಲ್ಲಲಿಲ್ಲ. ಕಂಪ್ಯೂಟರಿಗೆ ಓಡಿ ಮೂಲೆ ಮೂಲೆ ಹುಡುಕಿದಳು. ತೊಳೆಯದ ಪ್ರತಿ ಎಲ್ಲೂ ಇರಲಿಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದು ತಲೆ ಚಚ್ಚಿಕೊಂಡು ಸಾಹೇಬರ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು.

ಸಾಹೇಬರು ಮೊದಲು ಎದ್ದು ಬಾಗಿಲು ಹಾಕಿದರು.

"ಯಾರಿಗೆ ಗೊತ್ತಾಗುತ್ತೆ?"

"ತಾತನಿಗೆ ಗೊತ್ತಾಗುತ್ತೆ ಸಾರ್."

"ಅರವತ್ತಕ್ಕೆ ಅರಳುಮರಳು ಅಂತಾರೆ, ಅವರಿಗೆ ಎಂಬತ್ತಾರು. ಅವರ ಮಾತಿಗೆ ಯಾರು ಬೆಲೆ ಕೊಡ್ತಾರೆ? ನೋಡಮ್ಮ, ನಿನ್ನ ಕೆಲಸ ಖಾಯಂ ಆಗೋ ಕಾಗದ ಇಲ್ಲೇ ನನ್ನ ಮೇಜಿನ ಮೇಲಿದೆ. ಆ ರೀಲಿಗೆ ಒಪ್ಪಿಗೆ ಕೊಟ್ಟೋನು ನಾನು. ಬಾಯಿಗೆ ಬೀಗ ಹಾಕ್ಕೊಂಡು ಹೋಗಿ ಕೂತ್ಕೋ."

ಹೋಗಿ ಕೂತಳು. ಮುದುಕರು ತಮ್ಮ ಪಕ್ಕದ ಕುರ್ಚಿಯನ್ನು ಅವಳಿಗೆಂದೇ ಹಿಡಿದಿಟ್ಟಿದ್ದರು. ಆಚೆ ಪಕ್ಕದಲ್ಲಿ ಮಗಳು. ದೀಪ ಆರಿ ಚಿತ್ರ ಶುರುವಾಯಿತು. ಒಂದೊಂದು ರೀಲು ಮುಗಿದಾಗಲೂ ಮುದುಕರು ಬೆರಳು ಮಡಿಚಿ ಎಣಿಸುತ್ತಿದ್ದರು. ಪೊರಕೆಯೂ ಎಣಿಸುತ್ತಿದ್ದಳು. ಕರೆಂಟಾದರೂ ಹೋಗಬಾರದೇ, ಮೆಷಿನ್ನಾದರೂ ಕೆಡಬಾರದೇ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಹಾಳಾದ್ದು, ಎಲ್ಲವೂ ಸುಸೂತ್ರವಾಗಿ ನಡೆಯಿತು.

"ಈಗ," ಎಂದು ಮುದುಕರು ಮಗಳ ಮೊಣಕೈ ತಟ್ಟಿದರು. "ಎಡಗಡೆ ಬಾಗಿಲಿಂದ. ನೋಡ್ತಿರು."

ಪಡಸಾಲೆ ಬಂತು. ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಅಲ್ಲಿಂದ ಯಾರೂ ಬರಲಿಲ್ಲ. ನಾಯಕಿ ಹಿಂದೆ ಹಿಂದೆ ಸರಿದು ಗೋಡೆಗೊರಗಿ ಕಿರುಚಿದಳು. "ಅಬ್ಬಾ, ಏನೂ ತೋರಿಸದೇನೇ ಹೆದರಿಸ್ತಾರಲ್ಲ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಮುದುಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಪಡಸಾಲೆ ಮುಗಿದು, ತೆರೆಯ ಮೇಲೆ ಬೆಳಗಾಗಿತ್ತು.

ದೀಪ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಬಾಗಿಲ ಬಳಿ ನಿಂತು ಬಂದವರ ಕೈ ಕುಲುಕುತ್ತ ಬೀಳ್ಕೊಟ್ಟರು. ಕೊನೆಗೆ ಇವರು ಮೂವರೇ ಉಳಿದರು.

"ಪುಟ್ಟಿ," ಎಂದರು ಮುದುಕರು ಮಗಳಿಗೆ, "ಬ್ಯಾಗಲ್ಲಿ ನನ್ನ ಸ್ವೆಟರ್ ಹಾಕಿದೀಯೇನಮ್ಮ?"

"ಅಪ್ಪಾ..."

"ನಾನು ಫಿಲ್ಮ್ ತೊಳೀತಿದ್ದೋನು ಅಷ್ಟೇ ಅನ್ಸುತ್ತೆ. ಇನ್ಯಾರೋ ಮಾಡಿದ್ದನ್ನ ನಂದು ಅನ್ಕೊಂಡ್ಬಿಟ್ಟಿದ್ದೆನೋ ಏನೋ. ನಿನ್ನ ಮಾತೇ ಸರಿ ಕಣೆ. ತಲೆ ಕೆಟ್ಟಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದನ್ನು ಕೇಳಿ ಪೊರಕೆಗೆ ತಡೆಯಲಾಗಲಿಲ್ಲ.

"ಇತ್ತು ತಾತ," ಎಂದಳು. ಬಾಗಿಲ ಬಳಿ ಸಾಹೇಬರು ಕೆಮ್ಮಿದರು. ಅವಳು ಅತ್ತ ನೋಡಲಿಲ್ಲ. "ನಿಮ್ಮ ದೆವ್ವ ಇತ್ತು. ನಾನೇ ಅಳಿಸಿಬಿಟ್ಟೆ. ಗೀರು ಅನ್ಕೊಂಡು ಹನ್ನೊಂದು ದಿನ ಕೂತು ಅಳಿಸಿದೆ. ನೀವು ಹೇಳಿದಷ್ಟೇ ಉದ್ದ ಇತ್ತು. ನೀವು ಹೇಳಿದ ಜಾಗದಲ್ಲೇ ಇತ್ತು."

"ವಾಪಸ್ ಬರುತ್ತಾ?"

"ಇಲ್ಲ ತಾತ. ಎಲ್ಲೂ ಉಳಿದಿಲ್ಲ."

ಮುದುಕರು ಅವಳನ್ನೇ ನೋಡಿದರು. ಬೈಯುತ್ತಾರೆ, ಕೈ ಎತ್ತಿದರೂ ಎತ್ತಿಯಾರು ಎಂದು ಅವಳು ತಲೆ ತಗ್ಗಿಸಿ ನಿಂತಳು. ಅವರು ಅವಳ ತೋಳು ಹಿಡಿದು ಮಗಳ ಕಡೆಗೆ ತಿರುಗಿಸಿದರು.

"ಇನ್ನೊಂದ್ಸಲ ಹೇಳು. ನನಗಲ್ಲ, ಇವಳಿಗೆ ಹೇಳು. ಗಟ್ಟಿಯಾಗಿ ಹೇಳು."

ಸಾಹೇಬರು ಒಳಗೆ ಬರುತ್ತಿದ್ದರು. ಅವಳು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಹೇಳತೊಡಗಿದಳು. ಅವಳ ಒಂದೊಂದು ಮಾತಿಗೂ ಮುದುಕರು ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ ತಲೆಯಾಡಿಸುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ.